ದೀಪದ ಜೊತೆ ಬೆಳಗಿದ ಗಾಳದ ರಾಟೆ

ಆಗ ನಾವು ಶಿವನಸಮುದ್ರದ ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮ ಯಜಮಾನರು ಕರೆಂಟು ತಯಾರಿಸುವ ಕಾರ್ಖಾನೆಯಲ್ಲಿ ಫಿಟ್ಟರ್. ಅವರ ಮೇಲಿನ ಇಂಗ್ಲಿಷ್ ದೊರೆಗೆ ಹೊಳೆಯಲ್ಲಿ ಮೀನು ಹಿಡಿಯುವ ಹುಚ್ಚು. ಗಾಳದ ದಾರ ಸುತ್ತುವ ಹಿತ್ತಾಳೆ ರಾಟೆಗೆ ಎಣ್ಣೆ ಹಾಕಿಕೊಡಲು ದೊರೆ ಹೇಳಿದ್ದರು. ಯಜಮಾನರು ಹಾಕಿ, ಜಗಲಿಯ ಮೇಲಿಟ್ಟು ಕೆಲಸಕ್ಕೆ ಹೋದರು.

ಅಂದು ಗುರುವಾರ, ಶುಕ್ರವಾರದ ಪೂಜೆಗೆ ದೀಪದ ಕಂಬ ತಿಕ್ಕಿ ಬೆಳಗುವ ದಿನ. ಕಪ್ಪು ಜಿಡ್ಡು ಹತ್ತಿದ ರಾಟೆ ಕಣ್ಣಿಗೆ ಬಿತ್ತು. ಇದೂ ಹಿತ್ತಾಳೆಯೇ ತಾನೆ ಎಂದು ದೀಪದ ಕಂಬಗಳ ಜೊತೆಗೇ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿಬಿಟ್ಟೆ. ಚಿನ್ನದಂತೆ ಹೊಳೆಯಿತು. ಹಿಡಿ ತಿರುಗಿಸಿದರೆ ಮಾತ್ರ ಒಳಗೆ ಕರಕರ ಎಂದು ನಿಂತೇಹೋಯಿತು.

ಊಟಕ್ಕೆ ಬಂದ ಯಜಮಾನರು ತಲೆಯ ಮೇಲೆ ಕೈ ಹೊತ್ತರು. "ಏನ್ ಮಾಡ್ಬುಟ್ಯೇ? ಸಂಜೀಕೆ ದೊರೆ ಕೇಳ್ತಾರೆ. ಬೂದಿ ಚಕ್ರದ ಹಲ್ಲು ತಿಂದಿದ್ರೆ ನನ್ ಕೆಲ್ಸ ಓದಂಗೇಯ!"

"ಜಿಡ್ಡು ಅನ್ಕಂಡೆ."

"ಜಿಡ್ಡಲ್ಲ ಕಣೇ, ಅದೇ ಅದುಕ್ಕೆ ಅನ್ನ."

ಅನ್ನ ಆರುತ್ತಿದ್ದರೂ ಅವರು ರಾಟೆ ಬಿಚ್ಚಿದರು. ಒಂದೊಂದೇ ತಿರುಪನ್ನು ನಾನು ಪೂಜೆಯ ತಟ್ಟೆಯಲ್ಲಿ ಹಿಡಿದುಕೊಂಡು ಮನೆದೇವರನ್ನು ನೆನೆಯುತ್ತಿದ್ದೆ. ಸೀಮೆಎಣ್ಣೆಯಲ್ಲಿ ಅದ್ದಿದ ಕೋಳಿಪುಕ್ಕದಿಂದ ಬೂದಿ ತೆಗೆದು, ಚಕ್ರದ ಹಲ್ಲುಗಳನ್ನು ಬೆರಳಿಂದ ಸವರಿ ನೋಡಿದರು. ಒಂದೂ ಸವೆದಿರಲಿಲ್ಲ. ಹೊಲಿಗೆ ಮಿಷಿನ್ನಿನ ಎಣ್ಣೆ ಎರಡು ತೊಟ್ಟು ಬಿಟ್ಟು ಜೋಡಿಸಿದಾಗ ರಾಟೆ ಸರ್ರನೆ ತಿರುಗಿತು. ಆಮೇಲೆಯೇ ನಾನು ಆರಿದ ಅನ್ನ ಬಡಿಸಿದೆ.

ಸಂಜೆ ಹೊಳಪು ಕಂಡು ದೊರೆ ಹಿಗ್ಗಿದರಂತೆ.

"ಇನ್ನೊಂದ್ಸಲ ಇಂಗೇ ಬೆಳಗ್ಕೊಡು ಅಂದವ್ರೆ ಕಣೇ, ಈಗೇನ್ಮಾಡೀಯೆ?" ಎಂದು ಯಜಮಾನರು ನಕ್ಕರು. ಮರುದಿನ ದೇವರಿಗೆ ಒಂದು ತುಪ್ಪದ ದೀಪ ಹೆಚ್ಚಿಗೆ ಹಚ್ಚಿದೆ.