ದೇವಿಂದ್ರಪ್ಪ ಗುರುಗಳು ಹೊಡೆದುಹಾಕಿದ ಮೂಲಬಿಂದು

ಬಸವಕಲ್ಯಾಣ, ಹುಮನಾಬಾದಗಳ ಕಾಲೇಜುಗಳಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿ ಈಗ ನಿವೃತ್ತರಾಗುತ್ತಿರುವ ಶ್ರೀ ದೇವಿಂದ್ರಪ್ಪನವರಷ್ಟು ನಿರ್ದೇಶಾಂಕ ರೇಖಾಗಣಿತವನ್ನು ಬಲ್ಲವರು ಈ ಭಾಗದಲ್ಲಿ ವಿರಳ. ಅವರಷ್ಟು ಶಿಷ್ಯರ ತಲೆ ತಿಂದವರಂತೂ ಇನ್ನೂ ವಿರಳ. ರೇಖೆಯೂ ವಕ್ರವೂ ಕೂಡುವ ಬಿಂದುವನ್ನು ಕಂಡುಹಿಡಿದರೆ ಸಾಲದು, ಅದನ್ನು ಎರಡೂ ಸಮೀಕರಣಗಳಲ್ಲಿಟ್ಟು ತಾಳೆ ನೋಡಲೇಬೇಕು. ನೋಡದಿದ್ದರೆ ಸರಿ ಉತ್ತರಕ್ಕೂ ಅರ್ಧ ಅಂಕ ಖೋತಾ. ಈ ಕಾಟಕ್ಕೆ ಬೇಸತ್ತವರಲ್ಲಿ ಕೊಹಿನೂರು ಹಳ್ಳಿಯ ಪ್ರಣಿತಾ ಮೊದಲಿಗಳು.

ಪ್ರಥಮ ಪಿಯುಸಿಯ ಕಿರುಪರೀಕ್ಷೆಯಲ್ಲಿ, y = x² ಎಂಬ ಪರವಲಯವನ್ನು y = 3x ಎಂಬ ಸರಳರೇಖೆ ಎಲ್ಲಿ ಛೇದಿಸುತ್ತದೆ ಎಂದು ಗುರುಗಳು ಕೇಳಿದ್ದರು. ಪ್ರಣಿತಾ (0, 0) ಮತ್ತು (3, 9) ಎಂದು ಬರೆದು ಎರಡನ್ನೂ ತಾಳೆ ನೋಡಿದಳು. ಗುರುಗಳಾದರೋ ಹುಮನಾಬಾದಿನ ಬಸ್ಸಿನಲ್ಲಿ, ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಉತ್ತರ ಬಿಡಿಸಿದ್ದರು. x² = 3x ಎಂಬುದರ ಎರಡೂ ಬದಿಯನ್ನು x ನಿಂದ ಭಾಗಿಸಿ, x ಸೊನ್ನೆಯೂ ಆಗಬಹುದೆಂಬುದನ್ನು ಮರೆತು, (3, 9) ಒಂದೇ ಬಿಂದು ಎಂದುಕೊಂಡಿದ್ದರು. ಅವಳ ಮೂಲಬಿಂದುವಿನ, ಅಂದರೆ (0, 0) ಮೇಲೆ ಕೆಂಪು ಗೀಟು ಬಿದ್ದು ಎರಡು ಅಂಕ ಹೋದವು. ಎದ್ದುನಿಂತು ಕೇಳಿದ್ದಕ್ಕೆ, ಊಹಿಸಿ ಬರೆಯುವವರಿಗೆ ವಿಜ್ಞಾನ ವಿಭಾಗವಲ್ಲ ಎಂದು ಎಲ್ಲರೆದುರು ಗದರಿಸಿ ಕೂರಿಸಿದರು. ಹೇಳಿದಂತೆಯೇ ಮಾಡಿ ಬೈಸಿಕೊಂಡರೆ ಯಾರಿಗೆ ರೇಗುವುದಿಲ್ಲ? ಪ್ರಣಿತಾ ಮರುದಿನದಿಂದ ಕಾಲೇಜು ಬಿಟ್ಟಳು. ಕಲಾ ವಿಭಾಗಕ್ಕೆ ಅರ್ಜಿ ಬರೆದು, ಸಹಿ ಹಾಕೆಂದು ತಾಯಿ ಸುಂದರಬಾಯಿಯ ಬೆನ್ನು ಹತ್ತಿದಳು.

ನಾಲ್ಕನೆಯ ದಿನ ಬೇರೊಂದು ತರಗತಿಗೆ ಅದೇ ಲೆಕ್ಕದ ನಕ್ಷೆ ಬರೆಯುವಾಗ, ರೇಖೆ ಮೂಲಬಿಂದುವಿನಲ್ಲೂ ಪರವಲಯವನ್ನು ಕೂಡಿದ್ದು ಗುರುಗಳ ಕಣ್ಣಿಗೆ ಬಿತ್ತು. ಸಂಜೆಯ ಬಸ್ಸಿಗೆ ಕೊಹಿನೂರಿಗೆ ಹೋದರು. ತೊಗರಿ ಹೊಲದಿಂದ ಆಗಷ್ಟೇ ಬಂದಿದ್ದ ಸುಂದರಬಾಯಿಗೆ, ಎರಡು ಅಂಕಕ್ಕಾಗಿ ಇಷ್ಟು ದೂರ ಬರುವವರೂ ಎರಡು ಅಂಕಕ್ಕಾಗಿ ಕಾಲೇಜು ಬಿಡುವವರೂ ಒಂದೇ ಅಳತೆಯ ಹುಚ್ಚರಾಗಿ ಕಂಡರು.

“ತಪ್ಪು ನಿಂದಲ್ಲವ್ವ, ನಂದು. ನೀ ಬರೆದ ಬಿಂದುವನ್ನ ನಾನೇ ತಾಳೆ ನೋಡಲಿಲ್ಲ,” ಎಂದರು ಗುರುಗಳು.

“ಬೈದದ್ದು ಎಲ್ಲಾರ ಮುಂದ, ಸರ್,” ಎಂದಳು ಪ್ರಣಿತಾ. “ತಪ್ಪಾತಂತ ನಮ್ಮ ಮನ್ಯಾಗ ಹೇಳಿದ್ರ ಹ್ಯಾಂಗ್ರಿ?”

ಗುರುಗಳಿಗೆ ಸಿಟ್ಟು ಬಂದದ್ದು ಮುಖದಲ್ಲೇ ಕಾಣಿಸಿತು. ನಾಳೆ ಬಾ ಎಂದಷ್ಟೇ ಹೇಳಿ ಹೊರಟುಹೋದರು. ಮರುದಿನ ಎಂಬತ್ತು ಮಂದಿಯೆದುರು ಅವಳ ಕೈಗೆ ಸೀಮೆಸುಣ್ಣ ಕೊಟ್ಟು, ತಾವು ಅವಳ ಬೆಂಚಿನಲ್ಲಿ ಕುಳಿತು ಲೆಕ್ಕ ಹೇಳಿಸಿಕೊಂಡರು. ಅಕ್ಷರ ದೊಡ್ಡದಾಗಿ ಬರೆ ಎಂದು ನಡುವೆ ಎರಡು ಸಲ ತಕರಾರು ತೆಗೆದದ್ದು ಬೇರೆ ಮಾತು. ಕೊನೆಗೆ ಎದ್ದುನಿಂತು, ತಪ್ಪು ತಮ್ಮದು, ಬೈದದ್ದು ಅದಕ್ಕಿಂತ ದೊಡ್ಡ ತಪ್ಪು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅರ್ಜಿಯನ್ನು ಪ್ರಣಿತಾ ಅಂದೇ ಹರಿದುಹಾಕಿದಳು.

ಈಗ ಹುಮನಾಬಾದಿನಲ್ಲಿ ತಾನೇ ಗಣಿತ ಕಲಿಸುತ್ತಿರುವ ಪ್ರಣಿತಾಳ ಹಾರೈಕೆ ಇಷ್ಟೇ: ಗುರುಗಳಿಗೆ ದೀರ್ಘಾಯುಷ್ಯ ದೊರೆಯಲಿ, ಅವರ ಪಾಠ ನಿಲ್ಲದಿರಲಿ, ಅವರ ಮೇಲಿನ ಗೌರವ ಎಷ್ಟೇ ಬೆಳೆದರೂ, ಅವರ ತಪ್ಪನ್ನು ಅವರಿಗೆ ಹೇಳದೆ ಬಿಡುವಷ್ಟು ಬೆಳೆಯದಿರಲಿ.