ಸೆರಗಿನ ಪ್ಲೇಆಫ್

ಸೀರೆ ಪರೀಕ್ಷೆಯಲ್ಲಿ ನನ್ನನ್ನು ಮೀರಿಸುವವರು ಬಾಗಲಕೋಟೆ ಜಿಲ್ಲೆಯಲ್ಲೇ ಇಲ್ಲ. ಮಡಿಕೆ ಬಿಚ್ಚುವ ಮೊದಲೇ ತಪ್ಪಿದ ಎಳೆ ನನ್ನ ಹೆಸರು ಹಿಡಿದು ಕೂಗುತ್ತದೆ. ಅಂಗಡಿಗೆ ಮಾಲು ತರಲು ಇಳಕಲ್ಲಿಗೆ ಹೋದಾಗ ನೇಕಾರ್ತಿ ಶಾಂತವ್ವನ ಮನೆಯಲ್ಲಿ ಕುಳಿತಿದ್ದೆ. ಕೈಯಲ್ಲಿ ಸೀರೆ, ಬಾಯಲ್ಲಿ ಕ್ರಿಕೆಟ್ಟು.

"ಲೀಗಿನಾಗ ಎಲ್ಲಾರನ್ನೂ ಬಡದು ಮೊದಲನೇ ನಂಬರ್ ನಮ್ಮ ತಂಡ. ಪ್ಲೇಆಫಿನ ಕಡೀ ಮ್ಯಾಚಿನಾಗ ಒಂದು ಕ್ಯಾಚ್ ಬಿಟ್ಟಿದ್ದಕ್ಕ ಮನಿಗೆ ಕಳಿಸಿದ್ರು. ಒಂದ ತಪ್ಪಿಗೆ ಎರಡು ತಿಂಗಳ ಆಟ ನೀರಾಗ ಹಾಕೂದು ಯಾವ ನ್ಯಾಯ, ಶಾಂತವ್ವ?" ಎನ್ನುತ್ತಲೇ ಸೆರಗು ಬಿಡಿಸಿದೆ. ಒಂದು ಎಳೆ ತಪ್ಪಿತ್ತು. "ಇದು ಬ್ಯಾಡ," ಎಂದು ಪಕ್ಕಕ್ಕೆ ಒಗೆದೆ.

ಶಾಂತವ್ವ ಮಗ್ಗ ನಿಲ್ಲಿಸಿದಳು. "ಅಣ್ಣಾರ, ವಾರಗಟ್ಲೆ ಕುಂತು ನೇಯ್ದ ಸೀರಿ ಅದು. ನೀವು ಸೆರಗೊಂದ ನೋಡಿದ್ರಿ. ನನ್ನನ್ನೂ ಪ್ಲೇಆಫಿನಾಗ ಸೋಲಿಸಿದ್ರೇನ್ರಿ?"

ಸೀರೆಯನ್ನು ಎಳೆದುಕೊಂಡು ಪಡಸಾಲೆಯುದ್ದಕ್ಕೂ ಹಾಸಿ, ಮೊಣಕಾಲೂರಿ ಮೊಳಮೊಳವೂ ನೋಡಿದೆ. ಒಡಲಿನಲ್ಲಿ, ದಡಿಯಲ್ಲಿ ಒಂದು ತಪ್ಪೂ ಇರಲಿಲ್ಲ. ನೋಡಿ ಮುಗಿದ ಮೇಲೂ ಮುಖ ಎತ್ತಲು ಧೈರ್ಯ ಸಾಲದೆ ಇನ್ನೊಮ್ಮೆ ನೋಡಿದೆ. ಇಷ್ಟು ವರ್ಷ ಹೀಗೆ ಎಷ್ಟು ಸೀರೆ ಒಗೆದಿದ್ದೆನೋ!

"ಇದನ್ನ ನಾ ಒಯ್ತೇನವಾ," ಎಂದೆ.

"ಒಯ್ರಿ. ಆದ್ರ ಗಿರಾಕಿಗೆ ತಪ್ಪಿದ ಎಳಿ ತೋರ್ಸೇ ಕೊಡ್ರಿ ಮತ್ತ," ಎಂದಳು. ಅದು ಇನ್ನಷ್ಟು ಚುಚ್ಚಿತು.

ಅಂಗಡಿಯಲ್ಲಿ ಇಡಲು ಮನಸ್ಸಾಗದೆ ಅದನ್ನು ಮನೆಗೇ ತಂದೆ. ಹೆಂಡತಿ ಮೊದಲು ಬಿಡಿಸಿದ್ದೇ ಸೆರಗು. "ಎಳಿ ತಪ್ಪೇತಲ್ರಿ," ಎಂದು ಪಕ್ಕಕ್ಕಿಟ್ಟಳು. ನನ್ನಂಥ ಪರೀಕ್ಷಕನ ಜೊತೆ ಇಪ್ಪತ್ತು ವರ್ಷ ಬಾಳಿದವಳಲ್ಲವೇ.