ಬಂದ ಗಾಡಿಯನ್ನು ಬಿಡುವ ವಿದ್ಯೆ

ಎರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಬಟ್ಟೆ ಒಣಹಾಕುವುದಕ್ಕೂ ನನಗೆ ಭಯ. ಹಾಗಾಗಿ ಗೋಡೆಗೆ ಬೆನ್ನು ಕೊಟ್ಟು ನಿಂತು ಲುಂಗಿಯನ್ನು ಅಂದಾಜಿನ ಮೇಲೆ ಹಗ್ಗದ ಕಡೆಗೆ ಎಸೆಯುತ್ತೇನೆ. ಅದು ಆಗಾಗ ಮೊದಲ ಮಹಡಿಯವರ ಸೊತ್ತಾಗುತ್ತದೆ. ಇಂಥವನ ಮಗಳು ವಿಮಾನ ಹಾರಿಸಲು ಕಲಿಯುತ್ತಿದ್ದಾಳೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನನಗೂ ನಗಬೇಕೆಂದಿದೆ, ಆದರೆ ಎಂಟು ತಿಂಗಳಿಂದ ಹೆದರುವುದರಲ್ಲೇ ಹೊತ್ತು ಹೋಗುತ್ತಿದೆ.

ನಾವು ಉಡುಪಿ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ನೆಲೆ ನಿಂತವರು. ನಾನು ರಬಾಳೆಯ ಒಂದು ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ನಾನೂ ಹೆಂಡತಿ ಸುಮತಿಯೂ ತುಳುವಿನಲ್ಲಿ ಮಾತಾಡಿದರೆ ಮಗಳು ನಿಖಿತಾ ಹಿಂದಿಯಲ್ಲಿ ಉತ್ತರಿಸುತ್ತಾಳೆ. ಜಗಳಕ್ಕೆ ಮರಾಠಿ. ಏನಾದರೂ ಬೇಕಾದಾಗ ಮಾತ್ರ ಕನ್ನಡ. ಆದ್ದರಿಂದ ಒಂದು ಸಂಜೆ ಅವಳು ಅಚ್ಚ ಕನ್ನಡದಲ್ಲಿ "ಪಪ್ಪಾ, ನಿಮ್ಮ ಹತ್ರ ಒಂದು ಮಾತು ಕೇಳ್ಬೇಕಿತ್ತು" ಎಂದಾಗಲೇ ನನ್ನ ಎದೆ ಹೊಡೆದುಕೊಂಡಿತು. ಕೇಳಿದ್ದು ಪೈಲಟ್ ಆಗಲು ಅಪ್ಪಣೆ. ಈಗ ಘಟ್ಟದ ಆಚೆ ಒಂದು ಸಣ್ಣ ಊರಿನ ಹಾರಾಟದ ಶಾಲೆಯಲ್ಲಿದ್ದಾಳೆ.

ನನ್ನ ಭಯ ಹಾರುವುದರ ಬಗ್ಗೆ ಅಲ್ಲ, ಇಳಿಯುವುದರ ಬಗ್ಗೆ. ನಮ್ಮ ಪುರಾಣಗಳಲ್ಲಿ ಹಾರಿದವರಿಗೇನೂ ಕೊರತೆಯಿಲ್ಲ. ಹಕ್ಕಿಯ ಬೆನ್ನೇರಿ ಹೋದವರು, ಕಡಲನ್ನೇ ಜಿಗಿದವರು, ಇಡೀ ಪರಿವಾರವನ್ನು ವಿಮಾನದಲ್ಲಿ ತುಂಬಿಕೊಂಡು ಬಂದವರು, ಎಲ್ಲರೂ ಇದ್ದಾರೆ. ಅವರು ಮೇಲೇರಿದ ವೈಭವವನ್ನು ಪುಟಗಟ್ಟಲೆ ಬಣ್ಣಿಸಿದವರು ಇಳಿದದ್ದನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಆ ಒಂದು ಸಾಲು ನನಗೆ ಸಾಲುವುದಿಲ್ಲ. ಕಾರ್ಖಾನೆಯ ಊಟದ ಬಿಡುವಿನಲ್ಲಿ ಅಂಗಳಕ್ಕೆ ಬಂದು, ಖಾಡಿಯ, ಅಂದರೆ ಕಡಲ ಹಿನ್ನೀರಿನ, ಕಡೆಗೆ ತಗ್ಗುತ್ತಾ ಹೋಗುವ ವಿಮಾನಗಳನ್ನು ಅವು ಕಟ್ಟಡಗಳ ಹಿಂದೆ ಮರೆಯಾಗುವವರೆಗೂ ನೋಡುತ್ತೇನೆ. ಮರೆಯಾದ ಮೇಲೂ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲುತ್ತೇನೆ.

ಭಯ ಸುಳ್ಳಾಗಲಿಲ್ಲ. ಕಳೆದ ಶ್ರಾವಣದಲ್ಲಿ ಅವಳ ಫೋನು ಬಂತು. ಆ ಶಾಲೆಯಲ್ಲಿ ಗುರುಗಳು ಪಕ್ಕದ ಸೀಟಿನಲ್ಲಿ ಕೂತು ಕಲಿಸುತ್ತಾರೆ. ಒಂದು ದಿನ ಅವರು ಇಳಿದುಕೊಂಡು ಶಿಷ್ಯರನ್ನು ಒಬ್ಬರನ್ನೇ ಹಾರಲು ಕಳಿಸುತ್ತಾರೆ. ಇದಕ್ಕೆ ಸೋಲೋ ಎಂದು ಹೆಸರು. ಅವಳ ಜೊತೆಯವರೆಲ್ಲ ಸೋಲೋ ಮುಗಿಸಿದ್ದರು, ಇವಳನ್ನು ಮಾತ್ರ ಬಿಟ್ಟಿರಲಿಲ್ಲ. ಇಳಿಯುವಾಗ ವಿಮಾನ ಸರಿಯಾದ ಎತ್ತರಕ್ಕೆ, ಸರಿಯಾದ ವೇಗಕ್ಕೆ ಬರದಿದ್ದರೆ ಇಳಿಯುವ ಆಸೆ ಬಿಟ್ಟು ಮತ್ತೆ ಮೇಲೇರಬೇಕು, ಒಂದು ಸುತ್ತು ಹಾಕಿ ಹೊಸದಾಗಿ ಬರಬೇಕು. ಇವಳು ಬಿಡುವುದಿಲ್ಲ. ರನ್‌ವೇ ಕಣ್ಣಿಗೆ ಬಿತ್ತೆಂದರೆ ಸೊಟ್ಟಗೋ ನೆಟ್ಟಗೋ ಇಳಿದೇ ತೀರಬೇಕು.

"ಸರ್ ಪ್ರತೀ ಸಲ ಹೇಳ್ತಾರೆ ಪಪ್ಪಾ, ಛೋಡ್ ದೇ, ಊಪರ್ ಜಾ ಅಂತ. ನನಗೂ ಗೊತ್ತಾಗ್ತದೆ. ಪಣ್ ಹಾತಚ್ ಜಾತ್ ನಾಹೀ, ಕೈಯೇ ಹೋಗುದಿಲ್ಲ," ಎಂದಳು. ಕಡೆಗೆ ಆ ಗುರುಗಳು ಕೇಳಿದರಂತೆ, ನೀನು ಯಾವ ಊರಿನವಳು ಎಂದು. ಡೊಂಬಿವಲಿ ಎಂದಳಂತೆ. ಅವರು "ತಭೀ", ಅದಕ್ಕೇ ಮತ್ತೆ, ಎಂದರಂತೆ.

ಫೋನಿಟ್ಟ ಮೇಲೆ ಸುಮತಿ ನನ್ನನ್ನೇ ನೋಡಿದಳು. "ನೀವೇ ಅಲ್ವಾ ಮಾರಾಯ್ರೆ ಕಲಿಸಿದ್ದು," ಎಂದಳು.

ಹೌದು, ನಾನೇ. ನಿಖಿತಾ ಠಾಣೆಯ ಕಾಲೇಜಿಗೆ ಸೇರಿದಾಗ ಲೋಕಲ್ ಗಾಡಿ ಹತ್ತುವುದನ್ನು ಶಾಸ್ತ್ರೋಕ್ತವಾಗಿ ಹೇಳಿಕೊಟ್ಟವನು ನಾನು. ಮೊದಲ ಸೂತ್ರ, ಬಂದ ಗಾಡಿಯನ್ನು ಬಿಡಬಾರದು. ಹಿಂದೆ ಬರುವ ಗಾಡಿ ಖಾಲಿ ಇರುತ್ತದೆ ಎನ್ನುವವರನ್ನು ನಂಬಬಾರದು, ಡೊಂಬಿವಲಿಯಲ್ಲಿ ಖಾಲಿ ಗಾಡಿಯನ್ನು ಕಂಡವರಿಲ್ಲ. ಜಾಗ ಇದೆಯೇ ಎಂದು ಯೋಚಿಸಬಾರದು, ಕಾಲು ಇಟ್ಟ ಮೇಲೆ ಜಾಗ ತಾನಾಗಿ ಆಗುತ್ತದೆ. ಇಳಿಯುವುದಕ್ಕೂ ಹೀಗೆಯೇ, ಠಾಣೆಗೆ ಇಳಿಯುವವರು ಮುಂಬ್ರಾ ದಾಟುವಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿರಬೇಕು. ಹುಡುಗಿ ಜಾಣೆ, ಒಂದೇ ತಿಂಗಳಲ್ಲಿ ನನ್ನನ್ನೂ ಮೀರಿಸಿದಳು. ಆಗ ಹೆಮ್ಮೆಪಟ್ಟಿದ್ದೆ. ಅದೇ ವಿದ್ಯೆಯನ್ನು ಅವಳು ಆಕಾಶಕ್ಕೆ ಒಯ್ಯುತ್ತಾಳೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಪಕ್ಕದಲ್ಲಿ ಗುರುಗಳಿಲ್ಲದ ದಿನ ಆ ಕೈ ಹಟ ಮಾಡಿದರೆ ಏನಾದೀತು ಎಂದು ನೆನೆದು ನನಗೆ ಅನ್ನ ಸೇರದಾಯಿತು.

ಚೌತಿಗೆ ನಾಲ್ಕು ದಿನ ರಜೆಯಲ್ಲಿ ಮಗಳು ಮನೆಗೆ ಬಂದಳು. ನನಗೊಂದು ಉಪಾಯ ಹೊಳೆದಿತ್ತು. ಕಲಿಸಿದವನೇ ಮರೆಸಬೇಕು. ಬೆಳಿಗ್ಗೆ ಎಂಟು ಗಂಟೆಯ ನೂಕುನುಗ್ಗಲಿಗೆ ಅವಳನ್ನು ಸ್ಟೇಶನ್ನಿಗೆ ಕರೆದುಕೊಂಡು ಹೋದೆ. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಇಬ್ಬರೂ ನಿಲ್ಲುವುದು, ಬಂದ ಗಾಡಿಯನ್ನು ಕಣ್ಣಾರೆ ನೋಡುವುದು, ಹತ್ತದೆ ಬಿಡುವುದು. ಒಟ್ಟು ಐದು ಗಾಡಿ ಬಿಡಬೇಕೆಂದು ಒಪ್ಪಂದವಾಯಿತು.

ಮೊದಲನೆಯದು ಬಂದಾಗ ಅವಳ ಕಾಲು ತಾನಾಗಿ ಎರಡು ಹೆಜ್ಜೆ ಹೋಯಿತು. ನಾನು ತೋಳು ಹಿಡಿದು ನಿಲ್ಲಿಸಿದೆ. ಎರಡನೆಯದಕ್ಕೆ ಅವಳು ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದು ನಿಂತಳು. ನನಗೆ ದಿನಾ ಸ್ಟೇಶನ್ನಿನಲ್ಲಿ ಸಿಗುವ ವಿಜಯಪುರದ ಶಿವಪ್ಪ ಬಾಗಿಲಲ್ಲಿ ನೇತಾಡುತ್ತಾ, "ಯಾಕ್ರೀ ಸಾಹೇಬ್ರ, ಮೈಯಾಗ ಆರಾಮ ಇಲ್ಲೇನ್ರಿ? ಗಾಡಿ ಬಿಡಾಕತ್ತೀರಲ್ಲ," ಎಂದು ಕೂಗಿದ. ಅವನ ಮುಖದ ಗಾಬರಿ ನಿಜವಾದದ್ದು. ನಮ್ಮಲ್ಲಿ ಗಾಡಿ ಬಿಡುವವರೆಂದರೆ ಒಂದೋ ರೋಗಿಗಳು, ಇಲ್ಲವೇ ಹೊಸಬರು.

ಮೂರನೆಯದು ನಾನು ದಿನಾ ಹತ್ತುವ ಗಾಡಿ. ಅದು ಬಂದದ್ದು ನೆನಪಿದೆ, ಅದರ ಬಾಗಿಲು ನನ್ನೆದುರಿಗೇ ನಿಂತದ್ದೂ ನೆನಪಿದೆ. ಆಮೇಲೆ ನೋಡಿದರೆ ನಾನು ಒಳಗಿದ್ದೆ. ಒಂದು ಕಾಲಷ್ಟೇ ಗಾಡಿಯ ನೆಲದ ಮೇಲಿತ್ತು, ಅದಾಗಲೇ ಮುಂದಿನ ಸ್ಟೇಶನ್ ಕೋಪರ್ ದಾಟುತ್ತಿತ್ತು, ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಕೈ ಎತ್ತಲು ಸಂದಿಯಿರಲಿಲ್ಲ. ದಿವಾದಲ್ಲಿ ಇಳಿಯಲು ಹೋದೆ, ಹತ್ತುವವರು ನನ್ನನ್ನು ಮತ್ತಷ್ಟು ಒಳಕ್ಕೆ ತಳ್ಳಿದರು. ಠಾಣೆಯಲ್ಲಿ ಇಳಿದು ಫೋನು ತೆಗೆದಾಗ ಆ ಕಡೆ ಮಗಳು ನಗು ತಡೆಯಲಾಗದೆ ಉಸಿರುಗಟ್ಟುತ್ತಿದ್ದಳು. "ಪಪ್ಪಾ, ತುಮೀ ಫೇಲ್. ನಾನು ಐದೂ ಬಿಟ್ಟೆ. ಈಗ ಸುಮ್ನೆ ಇನ್ನೂ ಎರಡು ಬಿಡ್ತಾ ಇದ್ದೇನೆ," ಎಂದಳು. ಆ ದಿನ ನನಗಾದಷ್ಟು ಅವಮಾನವೂ ಸಮಾಧಾನವೂ ಒಟ್ಟಿಗೆ ಬೇರೆಂದೂ ಆಗಿಲ್ಲ.

ಅವಳು ಶಾಲೆಗೆ ಮರಳಿದ ಮೂರನೇ ವಾರ, ಮರುದಿನ ಬೆಳಿಗ್ಗೆ ಸೋಲೋ ಎಂದು ಸುದ್ದಿ ಬಂತು. ಒಂದೇ ಒಂದು ಸುತ್ತು, ಒಂಬತ್ತಕ್ಕೆ ಮುಂಚೆ ಫೋನು ಮಾಡುತ್ತೇನೆ ಎಂದಿದ್ದಳು. ಒಂಬತ್ತಾಯಿತು. ಒಂಬತ್ತೂವರೆ ಆಯಿತು. ಉಗ್ರಾಣದಲ್ಲಿ ಯಾರೋ ಬೋಲ್ಟು ಕೇಳಿದರೆ ವಾಷರು ಕೊಟ್ಟೆ. ಹತ್ತು ನಿಮಿಷಕ್ಕೊಮ್ಮೆ ಫೋನು ಬಡಿದುಕೊಳ್ಳುತ್ತಿತ್ತು, ಪ್ರತಿ ಸಲವೂ ಸುಮತಿಯೇ. "ಬಂತಾ?" ಎನ್ನುವಳು. "ನೀನು ಇಟ್ಟರೆ ಬಂದೀತು," ಎನ್ನುವೆ. ಹೀಗೆ ಗದರಿದ್ದಕ್ಕೆ ಆಮೇಲೆ ಪಶ್ಚಾತ್ತಾಪಪಟ್ಟೆ, ಅವಳಿಗೂ ಆ ಹೊತ್ತಿಗೆ ಹಿಡಿದುಕೊಳ್ಳಲು ನನ್ನ ದನಿಯ ಹೊರತು ಬೇರೇನೂ ಇರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ನಾನು ಅಂಗಳಕ್ಕೆ ಬಂದು ಆಕಾಶ ನೋಡುತ್ತಾ ನಿಂತಿದ್ದೆ, ಘಟ್ಟದಾಚೆಯ ವಿಮಾನ ರಬಾಳೆಯಿಂದ ಕಾಣಿಸುತ್ತದೆ ಎಂಬಂತೆ.

ಹತ್ತೂ ಇಪ್ಪತ್ತಕ್ಕೆ ಫೋನು ಬಂತು.

"ಪಪ್ಪಾ, ಇಳಿದೆ. ಹೊರಡುದೇ ಲೇಟ್ ಆಯ್ತು, ಗಾಳಿ ಇತ್ತು. ಆಮೇಲೆ ಎರಡು ಸಲ ಬಿಟ್ಟೆ. ಮೂರನೇ ಸಲಕ್ಕೆ ಸರಿ ಬಂತು."

ನಾನು ಗೋಡೆಗೆ ಬೆನ್ನು ಕೊಟ್ಟೆ. ಕಣ್ಣು ಒರೆಸಿಕೊಂಡು ಕಡೆಗೆ ಕೇಳಿದೆ, "ಎರಡು ಸಲ ಬಿಡುವಾಗ ಹೆದರಿಕೆ ಆಗಲಿಲ್ವಾ?"

"ಇಲ್ಲ ಪಪ್ಪಾ," ಎಂದಳು. ಆಮೇಲೆ ಯಾವ ಹಿಂದಿಯೂ ಮರಾಠಿಯೂ ಸೇರದ ಕನ್ನಡದಲ್ಲಿ ಹೇಳಿದಳು, "ಮೇಲೆ ತುಂಬಾ ಜಾಗ ಇತ್ತು. ನನ್ನ ಹಿಂದೆ ತಳ್ಳುವವರು ಯಾರೂ ಇರಲಿಲ್ಲ."

ನಾನು ಇಷ್ಟು ವರ್ಷ ಗಾಡಿ ಹತ್ತುತ್ತಿದ್ದೇನೆ ಎಂದು ತಿಳಿದುಕೊಂಡಿದ್ದೆ. ಹಿಂದಿನವರು ನನ್ನನ್ನು ಹತ್ತಿಸುತ್ತಿದ್ದರು ಎಂದು ಆಗಷ್ಟೇ ಗೊತ್ತಾಯಿತು. ಬೆನ್ನ ಹಿಂದೆ ಯಾರೂ ಇಲ್ಲದ ಒಂದು ಬೆಳಿಗ್ಗೆ ನಮ್ಮ ಮನೆಯವರಲ್ಲಿ ಒಬ್ಬರಿಗಾದರೂ ಸಿಕ್ಕಿತಲ್ಲ ಎಂದು ಬಹಳ ಸಂತೋಷಪಟ್ಟೆ. ಆ ಸಂತೋಷ ಊಟದ ಗಂಟೆಯವರೆಗೂ ಇತ್ತು. ಅಷ್ಟು ಜಾಗ ಕಂಡು ಬಂದವಳು ಇನ್ನು ಮೇಲೆ ಕೆಳಗಿಳಿಯಲು ಮನಸ್ಸು ಮಾಡುತ್ತಾಳೋ ಇಲ್ಲವೋ ಎಂದು ಈಗ ಹೆದರಿಕೆ ಶುರುವಾಗಿದೆ.